ಮೂರು ಚೆಂಡಿನ ಸ್ಪೈರೋಮೀಟರ್: ಬೈಪಾಸ್ ಆದವರಿಗೆ ಎಷ್ಟು ಉಪಯೋಗ?

ಬೈಪಾಸ್ ಆಪರೇಷನ್‌ಗೆ ಸೇರುವವರಿಗೆ ತರಲು ಹೇಳುವ ಸಾಮಾನುಗಳಲ್ಲಿ ಉಸಿರಾಟದ ವ್ಯಾಯಾಮದ ಈ ಉಪಕರಣ ಸಾಮಾನ್ಯವಾಗಿ ಇರುತ್ತದೆ. ಮೂರು ಪ್ಲಾಸ್ಟಿಕ್ ಕೊಳವೆ, ಒಳಗೆ ಮೂರು ಚೆಂಡು, ಒಂದು ಪೈಪು, ಬಾಯಿಗಿಡುವ ತುದಿ, ಅಷ್ಟೇ. ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಳಸುವಾಗ ತಪ್ಪುವವರೇ ಹೆಚ್ಚು. ಅದಕ್ಕೆ ಅರ್ಧ ಕಾರಣ ಆ ಚೆಂಡುಗಳೇ.

ಕೊಳವೆಗಳ ಮೇಲಿನ 600, 900, 1200 ಎಂಬ ಅಂಕಿಗಳು ಒಳಗೆ ಹೋದ ಗಾಳಿಯ ಅಳತೆಯಲ್ಲ, ಸೆಕೆಂಡಿಗೆ ಎಷ್ಟು ಮಿಲಿಲೀಟರ್‌ನಂತೆ ಎಳೆದಿರಿ ಎಂಬ ವೇಗ. ಒಂದು ಸೆಕೆಂಡು ರಭಸವಾಗಿ ಎಳೆದು ಮೂರೂ ಚೆಂಡು ಹಾರಿಸಿದರೆ ಸುಮಾರು 1200 ಮಿಲಿಲೀಟರ್ ಗಾಳಿ. ಮೊದಲ ಚೆಂಡೊಂದನ್ನೇ ಮೂರು ಸೆಕೆಂಡು ಮೇಲೆ ನಿಲ್ಲಿಸಿದರೆ 1800. ಎದೆಮೂಳೆ ಕೊಯ್ದ ನೋವಿಗೆ ರೋಗಿ ಮೇಲುಮೇಲೆ ಉಸಿರಾಡುತ್ತಾರೆ; ಶ್ವಾಸಕೋಶದ ಕೆಳಭಾಗ, ಅದರಲ್ಲೂ ಎಡಗಡೆಯದು, ಕುಗ್ಗಿ ಕಫ ಕಟ್ಟುತ್ತದೆ. ಅದನ್ನು ಅರಳಿಸುವುದು ನಿಧಾನದ, ಆಳವಾದ ಉಸಿರು. ಪಕ್ಕದಲ್ಲಿರುವವರು ‘ಇನ್ನೊಂದು ಬಾಲ್ ಎತ್ತಿ’ ಎನ್ನುವ ಬದಲು ಒಂದು, ಎರಡು, ಮೂರು ಎಂದು ಎಣಿಸಲಿ.

ನೋವಿನ ಮಾತ್ರೆ ಹಿಡಿದ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕೂರಿಸಿ. ಉಪಕರಣ ಕಣ್ಣಿನ ಮಟ್ಟದಲ್ಲಿ ನೇರವಾಗಿರಲಿ, ವಾಲಿದರೆ ಚೆಂಡು ಸಲೀಸಾಗಿ ಏರಿ ಮೋಸ ಮಾಡುತ್ತದೆ. ಉಸಿರು ಬಿಟ್ಟು, ತುಟಿ ಬಿಗಿಮಾಡಿ, ಎಳೆಯಬೇಕು. ಊದುವುದಲ್ಲ (ಮೊದಲ ದಿನ ಅನೇಕರು ಊದುತ್ತಾರೆ). ಎಳೆದದ್ದನ್ನು ಮೂರರಿಂದ ಐದು ಸೆಕೆಂಡು ಹಿಡಿದು, ಪೈಪು ತೆಗೆದು ಉಸಿರು ಬಿಡಬೇಕು. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ, ನಡುನಡುವೆ ಬಿಡುವು ಕೊಟ್ಟು. ಒಂದೇ ಸಮನೆ ಎಳೆದರೆ ತಲೆ ಸುತ್ತುತ್ತದೆ. ಕೊನೆಗೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿಸಿ. ಕಫ ಹೊರಬರುವುದು ಆ ಕೆಮ್ಮಿನಿಂದಲೇ, ಹಾಗಾಗಿ ಅದನ್ನು ಬಿಡಬೇಡಿ.

ಮಿಲಿಲೀಟರನ್ನೇ ತೋರಿಸುವ ಪಿಸ್ಟನ್ ಮಾದರಿಯೂ ಇದೆ. ಬೆಲೆ ಜಾಸ್ತಿ, ಆದರೆ ಕೊಳ್ಳಲಾದರೆ ಅದೇ ಮೇಲು: ಆಪರೇಷನ್‌ಗೆ ಮುಂಚಿನ ಅಳತೆ ಬರೆದಿಟ್ಟರೆ ಆಮೇಲೆ ಎಷ್ಟು ಚೇತರಿಕೆ ಎಂದು ಹೋಲಿಸಬಹುದು.

ಒಂದು ಮಾತು ಖಡಾಖಂಡಿತ. ಬೈಪಾಸ್ ರೋಗಿಗಳ ಬಗೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2012ರ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಗೆ, ಈ ಉಪಕರಣದಿಂದ ಶ್ವಾಸಕೋಶದ ತೊಂದರೆ ತಪ್ಪುತ್ತದೆ ಎಂಬ ಪುರಾವೆ ಸಿಗಲಿಲ್ಲ. ಚೆಂಡು ಎತ್ತಿ ಮತ್ತೆ ಮಲಗುವುದರಿಂದ ಪ್ರಯೋಜನ ಕಡಿಮೆ. ವೈದ್ಯರು ಒಪ್ಪಿದರೆ ಮರುದಿನವೇ ಕುರ್ಚಿಯಲ್ಲಿ ಕೂರಿಸಿ, ನಂತರ ಫಿಸಿಯೋ ಜೊತೆ ಕೆಲವು ಹೆಜ್ಜೆ, ಆಮೇಲೆ ಕಾರಿಡಾರು, ಡಿಸ್ಚಾರ್ಜ್‌ಗೆ ಮುಂಚೆ ಮೆಟ್ಟಿಲು. ತಲೆಸುತ್ತು, ಎದೆನೋವು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ನರ್ಸನ್ನು ಕರೆಯಿರಿ.