ಸಿಮ್ಯುಲೇಶನ್ ಮಾಡಿಸಲು ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಮೈಸೂರಲ್ಲಿ ಫೈನಲ್ ಇಯರ್ ಮೆಕ್ಯಾನಿಕಲ್ ಓದುತ್ತಿರುವವರು ದಯವಿಟ್ಟು ಓದಿ. ದುಡ್ಡಿಗೆ ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿಕೊಡುವ ಪ್ರಾಜೆಕ್ಟ್ ಸೆಂಟರ್ ಒಂದಕ್ಕೆ ನಾವು ನಾಲ್ಕು ಜನ ಸೇರಿ 12,000 ರೂಪಾಯಿ ಕೊಟ್ಟು ಕೂತಿದ್ದೇವೆ. ನನ್ನ ಪಾಲಿನ ಮೂರು ಸಾವಿರ, ಮಂಡ್ಯದಲ್ಲಿ ಅಪ್ಪನಿಗೆ ಕಬ್ಬಿನ ಬಿಲ್ಲು ಬಂದ ದಿನ ಇಸ್ಕೊಂಡಿದ್ದು.

ಕೆಲಸ ಸಣ್ಣದು. ನಾಕಾ 0012 ಅನ್ನೋ ಏರ್‌ಫಾಯಿಲ್ (ರೆಕ್ಕೆಯ ಅಡ್ಡಕೊಯ್ತದ ಆಕಾರ), ಕಾರ್ಡ್ (ಅದರ ಮುಂತುದಿಯಿಂದ ಹಿಂತುದಿವರೆಗಿನ ಉದ್ದ) 0.2 ಮೀಟರ್, ಗಾಳಿ ಸೆಕೆಂಡಿಗೆ 30 ಮೀಟರ್. ಗಾಳಿಗೆ ನೇರವಾಗಿ, ಅಂದರೆ ಸೊನ್ನೆ ಡಿಗ್ರಿಯಲ್ಲಿ ಇಟ್ಟಾಗ, ಡ್ರ್ಯಾಗ್ ಕೋಎಫಿಶಿಯೆಂಟ್ (ಗಾಳಿ ಹಿಂದಕ್ಕೆ ಎಳೆಯುವ ಬಲವನ್ನು ಹೇಳುವ ಸಂಖ್ಯೆ) ಎಷ್ಟು ಅಂತ ಫ್ಲೂಯೆಂಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ತೆಗೆಯಬೇಕು. ರಿಪೋರ್ಟ್‌ನಲ್ಲಿ 0.0024 ಅಂತ ಬಂತು. ಬಣ್ಣಬಣ್ಣದ ಕಾಂಟೂರ್ ಚಿತ್ರ, ನೀಟಾಗಿ ಇಳಿದ ರೆಸಿಡ್ಯುಯಲ್ (ಲೆಕ್ಕದಲ್ಲಿ ಉಳಿದ ದೋಷ) ಗ್ರಾಫ್. ನಂಬಿಬಿಟ್ಟೆವು.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಆ ಸಂಖ್ಯೆ ಮೇಲೆ ಬೆರಳಿಟ್ಟರು. ಎದ್ದು ಹೋಗಿ ಬೋರ್ಡ್ ಮೇಲೆ ಬರೆದರು. ವೇಗ, ಉದ್ದ, ಗಾಳಿಯ ಸ್ನಿಗ್ಧತೆಯಿಂದ ಲೆಕ್ಕ ಹಾಕುವ ರೆನಾಲ್ಡ್ಸ್ ನಂಬರ್ ಸುಮಾರು 4 ಲಕ್ಷ. ಚಪ್ಪಟೆ ತಗಡಿನ ಸೂತ್ರದ 1.328 ಅನ್ನು ಅದರ ವರ್ಗಮೂಲದಿಂದ ಭಾಗಿಸಿ, ಎರಡು ಬದಿಗೆ ಎರಡರಿಂದ ಗುಣಿಸಿದರು. 0.004. "ದಪ್ಪವೇ ಇಲ್ಲದ ತಗಡಿಗೇ ಇಷ್ಟು ಬರುತ್ತೆ, ಅದೂ ಹರಿವು ಪೂರ್ತಿ ಲ್ಯಾಮಿನಾರ್, ಅಂದರೆ ಸುಳಿಯಿಲ್ಲದೆ ಪದರಪದರವಾಗಿ, ಇದ್ದರೆ. ನಿಮ್ಮದಕ್ಕೆ ಇನ್ನೂ ಕಡಿಮೆ ಹೇಗಪ್ಪಾ ಬಂತು?"

ನಾಲ್ಕೂ ಜನ ತಲೆ ತಗ್ಗಿಸಿ ನಿಂತೆವು. ಗೈಡ್ ಮೇಡಂ ಮುಖ ನೋಡಲಿಕ್ಕೂ ಆಗಲಿಲ್ಲ.

ರಾತ್ರಿ ಹಾಸ್ಟೆಲ್ ಸೀನಿಯರ್ ಒಬ್ಬರು ರಿಪೋರ್ಟ್ ತಿರುವಿ ಹಾಕಿ ಒಂದೇ ನಿಮಿಷಕ್ಕೆ ಹಿಡಿದರು. ಬಲದಿಂದ ಕೋಎಫಿಶಿಯೆಂಟ್ ತೆಗೆಯಲು ಸಾಫ್ಟ್‌ವೇರ್ ಬಳಸುವ ರೆಫರೆನ್ಸ್ ವ್ಯಾಲ್ಯೂಸ್‌ನ ಸ್ಕ್ರೀನ್‌ಶಾಟ್ ನಮ್ಮ ರಿಪೋರ್ಟಿನಲ್ಲೇ ಇತ್ತು. ಏರಿಯಾ: 1. ಸಾಫ್ಟ್‌ವೇರ್ ಮೊದಲಿಂದ ಇಟ್ಟಿರುವ ಸಂಖ್ಯೆ, ಯಾರೂ ಮುಟ್ಟೇ ಇಲ್ಲ. 2ಡಿ ಕೇಸ್‌ಗೆ ಅಲ್ಲಿ ಕಾರ್ಡ್ ಇಂಟು ಒಂದು ಮೀಟರ್, ಅಂದರೆ 0.2 ಇರಬೇಕಿತ್ತು. ಡ್ರ್ಯಾಗ್ ಫೋರ್ಸ್ 1.32 ನ್ಯೂಟನ್ ಅಂತ ಸೆಂಟರ್‌ನವರೇ ಬರೆದಿದ್ದಾರೆ. ಅರ್ಧ ಇಂಟು ಸಾಂದ್ರತೆ 1.225 ಇಂಟು ವೇಗದ ವರ್ಗ 900 ಇಂಟು ಏರಿಯಾ 0.2, ಅಂದರೆ 110.25. ಅದರಿಂದ ಭಾಗಿಸಿ ನೋಡಿ, 0.012 ಬರುತ್ತೆ. ಐದು ಪಟ್ಟು ವ್ಯತ್ಯಾಸ!

ಸೆಂಟರ್‌ಗೆ ಫೋನ್ ಮಾಡಿದೆ. "ಕನ್ವರ್ಜ್ ಆಗಿದೆಯಲ್ಲ ಬ್ರೋ, ಲೆಕ್ಕ ಒಂದು ಉತ್ತರಕ್ಕೆ ಬಂದು ನಿಂತಿದೆ, ಇನ್ನೇನು ಬೇಕು?" ಏರಿಯಾ ತಪ್ಪು ಅಂದೆ. "ಸಾಫ್ಟ್‌ವೇರ್ ಕೊಟ್ಟಿದ್ದನ್ನೇ ನಾವು ಕೊಟ್ಟಿದ್ದೀವಿ." ಸೆಟ್ಟಿಂಗ್‌ಗಳಿರುವ ಕೇಸ್ ಫೈಲ್ ಕೊಡಿ ಅಂದರೆ, "ಫೈಲ್ ಯಾರಿಗೂ ಕೊಡಲ್ಲ." ಕೊನೆಗೆ, "ಮತ್ತೆ ರನ್ ಮಾಡಬೇಕಂದ್ರೆ ಮೂರು ಸಾವಿರ ಆಗುತ್ತೆ." ಮತ್ತೆ ರನ್ ಮಾಡುವುದೇ ಬೇಡ ಸ್ವಾಮಿ! ಒಂದು ಸಂಖ್ಯೆ ತಿದ್ದಿದರೆ ಸಾಕು! ಅದಕ್ಕೂ ಮೂರು ಸಾವಿರವಾ?

ಕೇಸ್ ಫೈಲ್, ಫಲಿತಾಂಶ ಇರುವ ಡೇಟಾ ಫೈಲ್ ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಏರಿಯಾ, ವೇಗ, ಸಾಂದ್ರತೆ ನೀವೇ ನೋಡಿ. ಗೋಡೆ ಹತ್ತಿರ, ಅಂದರೆ ಏರ್‌ಫಾಯಿಲ್ ಮೇಲ್ಮೈ ಪಕ್ಕ, ವೈ ಪ್ಲಸ್ (ಮೆಶ್‌ನ ಮೊದಲ ಕೋಶ ಮೇಲ್ಮೈಗೆ ಎಷ್ಟು ಹತ್ತಿರ ಅನ್ನೋ ಅಳತೆ) ಎಷ್ಟಿದೆ ಕೇಳಿ, ತಡವರಿಸಿದರೆ ಎದ್ದು ಬನ್ನಿ. ಏರ್‌ಫಾಯಿಲ್ ಲೆಕ್ಕ ಹಾಕುವ ಎಕ್ಸ್‌ಫಾಯಿಲ್ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತೆ, ಅದರಲ್ಲಿ ಒಂದು ಸಲ ತಾಳೆ ಹಾಕಿ. ನಾವು ಅದನ್ನೂ ಮಾಡಲಿಲ್ಲ.

ಫೈಲ್ ಇನ್ನೂ ಬಂದಿಲ್ಲ. ನನ್ನ ಮೆಸೇಜಿಗೆ ನೀಲಿ ಟಿಕ್ ಬಿದ್ದು ಎಂಟು ದಿನ ಆಯಿತು.