ಹಾಸನದಿಂದ ಕಂಠೀರವಕ್ಕೆ: ಮಗಳ ಕಾರ್ ಸೀಟು ಹೇಗಿದೆ?

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಪಂದ್ಯ ನೋಡಲು ಹಾಸನದಿಂದ ಕಂಠೀರವ ಕ್ರೀಡಾಂಗಣಕ್ಕೆ ಸುಮಾರು 185 ಕಿಲೋಮೀಟರ್ ಕಾರಿನಲ್ಲಿ ಹೋಗಿ, ಅದೇ ರಾತ್ರಿ ಮರಳುವುದು ನಮ್ಮ ಮನೆಯ ರೂಢಿ. ಮೊದಮೊದಲು ಮಗಳು ಅಮ್ಮನ ತೊಡೆಯ ಮೇಲೆಯೇ ಕೂರುತ್ತಿದ್ದಳು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಲ್ಲಾಗಲಿ ಮಕ್ಕಳ ಸೀಟಿನಲ್ಲಾಗಲಿ ಕೂರಿಸದಿದ್ದರೆ 1,000 ರೂಪಾಯಿ ದಂಡವಿದೆ. ಆದರೆ ನಮ್ಮನ್ನು ಅಂಗಡಿಗೆ ಓಡಿಸಿದ್ದು ದಂಡವಲ್ಲ, ಕುಣಿಗಲ್ ಬಳಿ ಒಮ್ಮೆ ಜೋರಾಗಿ ಬ್ರೇಕ್ ಹಾಕಬೇಕಾಗಿ ಬಂದಾಗ ಆದ ಗಾಬರಿ.

ಕೊಂಡದ್ದು 9ರಿಂದ 36 ಕಿಲೋ ತೂಕದವರೆಗೆ ಬಳಸಬಹುದಾದ, ಆರ್44 ಎಂಬ ಸುರಕ್ಷತಾ ಮಾನದಂಡದ ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುವ ಸೀಟು. ಕಂಪನಿಯ ಹೆಸರು ಬೇಡ. ಮಗು 18 ಕಿಲೋ ತೂಗುವವರೆಗೆ ಸೀಟಿನದೇ ಐದು ಕಡೆಯ ಪಟ್ಟಿ, ಅನಂತರ ಕಾರಿನ ಬೆಲ್ಟು. ಆರ್129 ಎಂಬ ಹೊಸ ಮಾನದಂಡವು ಮಗುವಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಲ್ಲದೆ ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯನ್ನೂ ಕೇಳುತ್ತದೆ. ಈಗ ಕೊಳ್ಳುವವರು ಅದನ್ನೇ ಹುಡುಕುವುದು ಒಳ್ಳೆಯದು.

ಹೋಗುವ ದಾರಿಯಲ್ಲಿ ಈ ಸೀಟಿನ ಬಗ್ಗೆ ದೂರಿಲ್ಲ. ಎತ್ತರ ಹೆಚ್ಚಿರುವುದರಿಂದ ಮಗಳಿಗೆ ಕಿಟಕಿಯಾಚೆಯ ತೆಂಗಿನ ತೋಟ, ಲಾರಿ ಎಲ್ಲವೂ ಕಾಣುತ್ತವೆ, ಹಾಗಾಗಿ ಬೆಳ್ಳೂರು ಕ್ರಾಸ್ ಬರುವವರೆಗೆ ಹಠವಿರುವುದಿಲ್ಲ. ಅಲ್ಲಿ ಇಡ್ಲಿ, ಯಡಿಯೂರಿನಲ್ಲಿ ಹತ್ತು ನಿಮಿಷದ ಓಡಾಟ. ಕಾರನ್ನು ಮಾದಾವರದಲ್ಲಿ ನಿಲ್ಲಿಸಿ, ಹಸಿರು ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿಯುತ್ತೇವೆ.

ಮೊದಲ ತೊಂದರೆ ಬಕಲಿನದು. ಚುರುಮುರಿಯ ಒಂದು ಮಂಡಕ್ಕಿ ಅದರ ಸಂದಿಗೆ ಬಿದ್ದರೆ ಸಾಕು, ಪಟ್ಟಿಯ ನಾಲಿಗೆ ಒಳಗೆ ಹೋದಂತೆ ಕಂಡರೂ ‘ಕ್ಲಿಕ್’ ಎನ್ನುವುದಿಲ್ಲ, ಎಳೆದರೆ ಕೈಗೇ ಬರುತ್ತದೆ. ಬಕಲನ್ನು ತಲೆಕೆಳಗು ಮಾಡಿ ಕುಟ್ಟಿ, ಮನೆಗೆ ಬಂದ ಮೇಲೆ ಬೆಚ್ಚನೆಯ ನೀರಿನಲ್ಲಿ ತೊಳೆದದ್ದಾಯಿತು; ಅಂದಿನಿಂದ ಆ ಸದ್ದು ಕಿವಿಗೆ ಬೀಳದೆ ಕಾರು ಹೊರಡುವುದಿಲ್ಲ.

ಎರಡನೆಯದು ದೊಡ್ಡದು, ಅದು ಗೊತ್ತಾಗುವುದು ಮರಳುವಾಗ. ಏಳೂವರೆಯ ಪಂದ್ಯ ಮುಗಿಸಿ ಮಾದಾವರ ತಲುಪುವಷ್ಟರಲ್ಲಿ ಕೂಗಿ ದಣಿದ ಮಗಳು ಹೆಗಲ ಮೇಲೆಯೇ ನಿದ್ದೆ ಹೋಗಿರುತ್ತಾಳೆ. ಸೀಟಿಗೆ ಇಳಿಸಿದ ಐದೇ ನಿಮಿಷದಲ್ಲಿ ಗದ್ದ ಎದೆಗೆ ತಾಗುವಂತೆ ಕತ್ತು ಮುಂದಕ್ಕೆ ವಾಲುತ್ತದೆ. ಒರಗಿಸುವ ಹಿಡಿ ಸೀಟಿನ ಅಡಿಯಲ್ಲಿದ್ದು, ಮಗು ಕೂತಿರುವಾಗ ಅದನ್ನು ಎಳೆಯಲು ನನ್ನಿಂದ ಈವರೆಗೂ ಆಗಿಲ್ಲ. ಕತ್ತಿಗೆ ಟವೆಲ್ ಸುತ್ತುವುದು, ತಲೆಯನ್ನು ಬಟ್ಟೆಯಿಂದ ಕಟ್ಟುವುದು ಇವೆಲ್ಲ ಅಪಾಯ. ಹಾಗಾಗಿ ಈಗ ಒಬ್ಬರು ಮಗಳನ್ನು ಎತ್ತಿಕೊಂಡು ಹೊರಗೆ ನಿಂತಿರುತ್ತೇವೆ, ಇನ್ನೊಬ್ಬರು ಮೊಬೈಲಿನ ಬೆಳಕಿನಲ್ಲಿ ಸೀಟನ್ನು ಒರಗಿಸುತ್ತೇವೆ. ಜಾಕೆಟ್ ಕಳಚಿ, ಪಟ್ಟಿ ಬಿಗಿದು, ಅದರ ಮೇಲೆ ಹೊದಿಕೆ ಹಾಕುತ್ತೇವೆ.

ಅಂಗಡಿಯಲ್ಲಿ ಮಗುವನ್ನು ಕೂರಿಸಿ ಒಮ್ಮೆ ಆ ಹಿಡಿಯನ್ನು ಎಳೆದು ನೋಡಿದ್ದರೆ, ಎರಡು ಸಾವಿರ ಹೆಚ್ಚು ಕೊಟ್ಟು ಪಕ್ಕದಲ್ಲಿದ್ದ ಇನ್ನೊಂದು ಸೀಟನ್ನೇ ತರುತ್ತಿದ್ದೆ.