ಅಣುಸ್ಥಾವರಕ್ಕೆ ಹೋಗುವ ದಾರಿ: ಹಿಂಕ್ಲಿ ಪಾಯಿಂಟ್ ಸಿ ಸಾರಿಗೆ ವ್ಯವಸ್ಥೆಯ ವಿಮರ್ಶೆ

ಇಂಗ್ಲೆಂಡಿನ ಸಾಮರ್‌ಸೆಟ್ ಕರಾವಳಿಯಲ್ಲಿ ಏಳುತ್ತಿರುವ ಹಿಂಕ್ಲಿ ಪಾಯಿಂಟ್ ಸಿ ಅಣುವಿದ್ಯುತ್ ಸ್ಥಾವರದ ಬಗ್ಗೆ ಬರುವ ಬರಹಗಳು ಬಹುಮಟ್ಟಿಗೆ ಅದರ ಖರ್ಚು, ವಿಳಂಬ ಮತ್ತು ಸುರಕ್ಷತೆಯ ಸುತ್ತಲೇ ತಿರುಗುತ್ತವೆ. ಹತ್ತಿರದ ಬ್ರಿಡ್ಜ್‌ವಾಟರ್ ಪಟ್ಟಣದಲ್ಲಿ ಬದುಕುವವರ ಮಟ್ಟಿಗೆ ಮಾತ್ರ ಈ ಯೋಜನೆಯೆಂದರೆ ಮೊದಲನೆಯದಾಗಿ ಒಂದು ಸಾರಿಗೆ ವ್ಯವಸ್ಥೆ. ಅದಕ್ಕೆ ಎರಡು ಬಗೆಯ ಬಳಕೆದಾರರಿದ್ದಾರೆ: ಕಾರ್ಮಿಕರ ಬಸ್ಸಿನೊಳಗೆ ಕುಳಿತವರು ಮತ್ತು ಆ ಬಸ್ಸಿನ ಹಿಂದೆ ತಮ್ಮ ಕಾರಿನಲ್ಲಿ ಕುಳಿತವರು. ನಾನು ಎರಡನೆಯ ಗುಂಪಿಗೆ ಸೇರಿದವನು. ಹುಟ್ಟೂರು ಕಾರವಾರದ ಕಡೆಯದಾದ್ದರಿಂದ ಅಣುಸ್ಥಾವರದ ಬಸ್ಸು, ಲಾರಿಗಳಿಗೆ ದಾರಿ ಬಿಟ್ಟುಕೊಡುವುದು ನನಗೆ ಹೊಸ ಅನುಭವವೇನಲ್ಲ. ಆದರೂ ಇಲ್ಲಿನ ವ್ಯವಸ್ಥೆಯನ್ನು ಒಂದು ಸೇವೆಯೆಂದೇ ಎಣಿಸಿ ವಿಮರ್ಶಿಸುವುದು ಉಪಯುಕ್ತ ಅನ್ನಿಸಿತು, ಏಕೆಂದರೆ ಮೊದಲೇ ಲೆಕ್ಕ ಹಾಕಿಟ್ಟ ವಿಷಯಗಳನ್ನೆಲ್ಲ ಇದು ಬಹಳ ಚೆನ್ನಾಗಿ ನಿಭಾಯಿಸಿದೆ, ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದೆಲ್ಲ ಊರಿನ ಬೀದಿಗೆ ಬಂದು ಬಿದ್ದಿದೆ.

ಮೊದಲು ದಾರಿಯ ವಿಚಾರ. ಎಂ5 ಹೆದ್ದಾರಿಯ 23ನೇ ಅಥವಾ 24ನೇ ಜಂಕ್ಷನ್‌ನಲ್ಲಿ ಇಳಿದು, ಬ್ರಿಡ್ಜ್‌ವಾಟರ್ ಪಟ್ಟಣವನ್ನು ಹಾದು, ಎ39 ರಸ್ತೆಯಲ್ಲಿ ಕ್ಯಾನಿಂಗ್ಟನ್ ಹಳ್ಳಿಯವರೆಗೆ ಬಂದು, ಅಲ್ಲಿಂದ ಸಿ182 ಎಂಬ ಹಳ್ಳಿ ರಸ್ತೆಯಲ್ಲಿ ಕಡಲಿನ ಕಡೆಗೆ ತಿರುಗಬೇಕು. ಎರಡೂ ಬದಿಗೆ ಗಿಡಗಳ ಬೇಲಿ, ಅದರಾಚೆ ಹಸು ಮೇಯುವ ಹೊಲ. ಸ್ಥಾವರದವರೆಗೆ ರೈಲು ಹಳಿ ಇಲ್ಲ. ಇದೇ ಆವರಣದಲ್ಲಿ 1965ರಿಂದ 2000ದವರೆಗೆ ನಡೆದ ಹಿಂಕ್ಲಿ ಎ ಮತ್ತು 1976ರಿಂದ 2022ರವರೆಗೆ ನಡೆದ ಹಿಂಕ್ಲಿ ಬಿ ಸ್ಥಾವರಗಳಿಗೂ ಇದೇ ದಾರಿಯಿತ್ತು. ಆದರೆ ಸಿ ಸ್ಥಾವರದ ಪ್ರಮಾಣವೇ ಬೇರೆ: ಎರಡು ರಿಯಾಕ್ಟರುಗಳಿಗೆ ಸುಮಾರು 30 ಲಕ್ಷ ಟನ್ ಕಾಂಕ್ರೀಟು ಮತ್ತು 2.3 ಲಕ್ಷ ಟನ್ ಕಬ್ಬಿಣ ಬೇಕು. ಇಷ್ಟನ್ನೂ ಈ ಒಂದು ರಸ್ತೆಯ ಮೇಲೆಯೇ ಹೇರಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗದಂತೆ ತಡೆದ ಮೊದಲ ಸಂಗತಿ, ಮತ್ತು ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಅತ್ಯುತ್ತಮ ಅಂಶ, ಲಾರಿಗಳ ಮಿತಿ. 2013ರ ಮಾರ್ಚಿನಲ್ಲಿ ಸರ್ಕಾರ ಕೊಟ್ಟ ಅನುಮತಿಯ ಷರತ್ತುಗಳಲ್ಲೇ ದಿನವೊಂದಕ್ಕೆ ಗರಿಷ್ಠ 750 ಭಾರೀ ಲಾರಿ ಓಡಾಟ, ಮೂರು ತಿಂಗಳ ಸರಾಸರಿಯಲ್ಲಿ ದಿನಕ್ಕೆ 500 ಓಡಾಟ ಎಂದು ಕಟ್ಟು ಹಾಕಲಾಯಿತು. ಇಲ್ಲಿ ಎಣಿಸುವುದು ಲಾರಿಯನ್ನಲ್ಲ, ಓಡಾಟವನ್ನು. ಬಂದದ್ದು ಒಂದು, ಖಾಲಿಯಾಗಿ ಹಿಂದಿರುಗಿದ್ದು ಇನ್ನೊಂದು. ಪ್ರತಿ ಲಾರಿಯೂ ಮೊದಲೇ ಸಮಯ ಕಾದಿರಿಸಿಕೊಂಡು, ಗೊತ್ತುಪಡಿಸಿದ ಮಾರ್ಗದಲ್ಲೇ ಬರಬೇಕು. ಮುಂಚೆ ಬಂದರೆ ಹೆದ್ದಾರಿಯ ಬಳಿ ಇದಕ್ಕೆಂದೇ ಮಾಡಿರುವ ಜಾಗದಲ್ಲಿ ನಿಂತು ಕಾಯಬೇಕೇ ಹೊರತು ಪಟ್ಟಣದ ರಸ್ತೆಬದಿಯಲ್ಲಿ ನಿಲ್ಲಿಸುವಂತಿಲ್ಲ. ಬೆಳಗ್ಗೆ ಮತ್ತು ಸಂಜೆ ಶಾಲೆ, ಕಚೇರಿಗಳ ದಟ್ಟಣೆಯ ಹೊತ್ತಿಗೆ ಬೇರೆ ನಿರ್ಬಂಧಗಳಿವೆ. ಈ ಅಂಕಿಗಳನ್ನು ಸ್ಥಳೀಯ ಆಡಳಿತದ ಪ್ರತಿನಿಧಿಗಳೂ ಕೂಡಿರುವ ಸಾರಿಗೆ ಪರಿಶೀಲನಾ ಗುಂಪು ನೋಡುತ್ತದೆ. ನಮ್ಮಲ್ಲಿ ದೊಡ್ಡ ಕಾಮಗಾರಿಗೆ ಅನುಮತಿ ಕೊಡುವಾಗ 'ಸಾರ್ವಜನಿಕರಿಗೆ ತೊಂದರೆಯಾಗದಂತೆ ಕ್ರಮ ವಹಿಸತಕ್ಕದ್ದು' ಎಂದು ಒಂದು ಸಾಲು ಬರೆದು ಮುಗಿಸುವ ಪದ್ಧತಿಯನ್ನು ಕಂಡವರಿಗೆ, ಷರತ್ತನ್ನು ಹೀಗೆ ಅಂಕಿಯಲ್ಲಿ ಬರೆಯುವುದರ ಬೆಲೆ ಗೊತ್ತಾಗುತ್ತದೆ. ಅಂಕಿಯಿದ್ದರೆ ಮೀರಿದ್ದನ್ನು ತೋರಿಸಬಹುದು, 'ತೊಂದರೆ' ಎಂಬುದನ್ನು ಯಾರೂ ಅಳೆದು ತೋರಿಸಲಾರರು.

ಆದರೂ ಕಾನೂನಿನ ಒಳಗಿರುವುದೆಲ್ಲ ಹಗುರವೆಂದು ತಿಳಿಯಬೇಕಾಗಿಲ್ಲ. 500 ಓಡಾಟಗಳನ್ನು ಹದಿನೈದು ಗಂಟೆಗಳಿಗೆ ಸಮನಾಗಿ ಹಂಚಿದರೂ ಎರಡು ನಿಮಿಷದೊಳಗೆ ಒಂದು ಲಾರಿ ಹಾದುಹೋದ ಹಾಗಾಯಿತು. ರಸ್ತೆಗೆ ಮುಖ ಮಾಡಿದ ಮನೆಯವರಿಗೆ ಅದು ಇಡೀ ದಿನದ ಸದ್ದು. ಕ್ಯಾನಿಂಗ್ಟನ್ ಹಳ್ಳಿಗೆ ಈ ವಿಷಯದಲ್ಲಿ ಅದೃಷ್ಟ ಒಲಿಯಿತು. ಮುಖ್ಯ ಕಾಮಗಾರಿಗೆ ಅಂತಿಮ ಒಪ್ಪಿಗೆ ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ. ಸ್ಥಾವರ ಕಟ್ಟುತ್ತಿರುವ ಕಂಪನಿ ತನ್ನ ಖರ್ಚಿನಲ್ಲಿ ಕಟ್ಟಿಸಿಕೊಟ್ಟ ಬೈಪಾಸು ಅದಕ್ಕಿಂತ ಮೊದಲೇ ತೆರೆದಿತ್ತು. ಹಳ್ಳಿಯೊಳಗಿನ ಕಿರಿದಾದ ಬೀದಿಗಳಲ್ಲಿ ಕಾಂಕ್ರೀಟು ಪೈಪು ಹೊತ್ತ ಲಾರಿ ಕಾಣುವುದಿಲ್ಲ. ಬ್ರಿಡ್ಜ್‌ವಾಟರಿನವರೂ ತಮ್ಮ ಪಟ್ಟಣಕ್ಕೆ ಒಂದು ಬೈಪಾಸು ಕೇಳಿದ್ದರು, ಸಿಕ್ಕಿದ್ದು ಮಾತ್ರ ಜಂಕ್ಷನ್ನುಗಳ ಸುಧಾರಣೆ. ವೃತ್ತಗಳನ್ನು ಅಗಲಿಸುವುದೂ ಸಿಗ್ನಲ್ ದೀಪಗಳನ್ನು ಹೊಂದಿಸುವುದೂ ಒಳ್ಳೆಯ ಕೆಲಸವೇ, ಆದರೆ ನದಿ ದಾಟುವ ಕೆಲವೇ ಸೇತುವೆಗಳಿರುವ ಪಟ್ಟಣದಲ್ಲಿ ಅದು ದಟ್ಟಣೆಯನ್ನು ಒಂದು ತಿರುವಿನಿಂದ ಮುಂದಿನ ತಿರುವಿಗೆ ಸರಿಸುತ್ತದೆ, ಅಷ್ಟೆ.

ಲಾರಿಗಳ ಮಿತಿ ಸಾಧ್ಯವಾದದ್ದೇ ಕಡಲಿನಿಂದ. ಸ್ಥಾವರದ ಮುಂದೆಯೇ ನೀರಿನೊಳಕ್ಕೆ ಸುಮಾರು ಅರ್ಧ ಕಿಲೋಮೀಟರು ಚಾಚಿದ ತಾತ್ಕಾಲಿಕ ಜೆಟ್ಟಿಯೊಂದನ್ನು ಕಟ್ಟಿ, ಕಾಂಕ್ರೀಟಿಗೆ ಬೇಕಾದ ಮರಳು, ಜಲ್ಲಿಯ ಬಹುಪಾಲನ್ನು ಹಡಗಿನಲ್ಲಿ ತರಿಸಿ ಕನ್ವೇಯರ್ ಪಟ್ಟಿಯ ಮೇಲೆ ನೇರವಾಗಿ ಆವರಣದೊಳಕ್ಕೆ ಸಾಗಿಸಲಾಗುತ್ತದೆ. ಇದರ ಲೆಕ್ಕ ಸರಳ: ಲಾರಿಗೆ 20 ಟನ್ನಿನಂತೆ ಹಿಡಿದರೆ, ಸಾವಿರ ಟನ್ ಜಲ್ಲಿ ಸಮುದ್ರದಲ್ಲಿ ಬಂದಾಗ ರಸ್ತೆಯ ಮೇಲೆ 50 ಲಾರಿ, ಅಂದರೆ 100 ಓಡಾಟ ತಪ್ಪಿತು. ಅಗೆದ ಮಣ್ಣನ್ನೂ ಬಹುಪಾಲು ಹೊರಗೆ ಸಾಗಿಸದೆ ಆವರಣದೊಳಗೇ ಬಳಸಿಕೊಳ್ಳಲಾಗಿದೆ. ಕಾಣದ ಕೆಲಸ ಇದು. ಮಣ್ಣಿನ ಲಾರಿ ನಮ್ಮ ಮನೆ ಮುಂದೆ ಹೋಗಲಿಲ್ಲವೆಂದು ಯಾರೂ ಮೆಚ್ಚಿ ಪತ್ರ ಬರೆಯುವುದಿಲ್ಲ.

ಇನ್ನು ಬಿಡಿಸಿ ತರಲಾಗದ ಭಾರೀ ಸರಕು, ನಮ್ಮ ಲಾರಿಯವರು 'ಓ.ಡಿ.ಸಿ.' (ಓವರ್ ಡೈಮೆನ್ಷನಲ್ ಕಾರ್ಗೋ, ಅಂದರೆ ಅಳತೆ ಮೀರಿದ ಸರಕು) ಎನ್ನುವಂಥದ್ದು. ಇದಕ್ಕಾಗಿ ಪಾರೆಟ್ ನದಿಯ ಕೂಮ್‌ವಿಚ್ ಹಳ್ಳಿಯಲ್ಲಿದ್ದ ಹಳೆಯ ಧಕ್ಕೆಯನ್ನು, ಅಂದರೆ ಸರಕು ಇಳಿಸುವ ಕಟ್ಟೆಯನ್ನು, ದುರಸ್ತಿ ಮಾಡಿ ಬಲಪಡಿಸಲಾಯಿತು. 2023ರ ಫೆಬ್ರುವರಿಯಲ್ಲಿ ಫ್ರಾನ್ಸಿನಿಂದ ಬಂದ ಮೊದಲ ರಿಯಾಕ್ಟರ್ ಪಾತ್ರೆ 13 ಮೀಟರ್ ಉದ್ದ, 500 ಟನ್ ತೂಕದ್ದು. ಅದನ್ನು ಏವನ್‌ಮೌತ್ ಬಂದರಿನಲ್ಲಿ ಬಾರ್ಜಿಗೆ ಏರಿಸಿ, ಪಾರೆಟ್ ನದಿಯ ಮೂಲಕ ಕೂಮ್‌ವಿಚ್ಚಿಗೆ ತಂದು, ಅಲ್ಲಿಂದ ಉಳಿದ ನಾಲ್ಕು ಮೈಲಿಯನ್ನಷ್ಟೇ ರಸ್ತೆಯಲ್ಲಿ ಒಯ್ದರು. ಬ್ರಿಸ್ಟಲ್ ಚಾನೆಲ್ಲಿನ ಉಬ್ಬರ, ಇಳಿತಗಳ ಅಂತರ ಜಗತ್ತಿನಲ್ಲೇ ಅತಿ ದೊಡ್ಡವುಗಳಲ್ಲೊಂದು. ನೀರು ಇಳಿದಾಗ ಈ ಧಕ್ಕೆಯ ಮುಂದೆ ಕಾಣುವುದು ಬರೀ ಕಂದು ಕೆಸರು, ಉಬ್ಬರದ ಹೊತ್ತಿಗೆ ಮಾತ್ರ ಬಾರ್ಜು ಒಳಬರಲು ಸಾಧ್ಯ. ಹೀಗಾಗಿ ಈ ಸಾಗಣೆಯ ವೇಳಾಪಟ್ಟಿಯನ್ನು ಬರೆಯುವುದು ಕಂಪನಿಯಲ್ಲ, ಚಂದ್ರ. 2024ರಲ್ಲಿ ಬಂದ ಮೊದಲ ಸ್ಟೀಮ್ ಜನರೇಟರ್ 25 ಮೀಟರ್ ಉದ್ದ, 520 ಟನ್. ಅದಕ್ಕೂ ಇದೇ ದಾರಿ. ಇಂಥ ಟ್ರೇಲರ್ ಚಲಿಸುವುದನ್ನು ನೋಡುವುದೇ ಒಂದು ಅನುಭವ: ಹಿಂದೆ ಮುಂದೆ ಹಳದಿ ದೀಪದ ಬೆಂಗಾವಲು, ಸಾಲು ಸಾಲು ಚಕ್ರ, ಪಕ್ಕದಲ್ಲಿ ರಿಮೋಟ್ ಹಿಡಿದು ಚಕ್ರಗಳ ಮೇಲೆ ಕಣ್ಣಿಟ್ಟು ನಡೆಯುವ ಸಿಬ್ಬಂದಿ, ಕಾಲ್ನಡಿಗೆಯ ವೇಗ. ಈ ಭಾಗಕ್ಕೆ ಐದಕ್ಕೆ ಐದು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ಸಮುದ್ರ ಮಾರ್ಗವೆಂದರೆ ಎಲ್ಲ ಸಲೀಸು ಎಂಬ ಭಾವನೆಯೂ ಸರಿಯಲ್ಲ. 2023ರ ಸೆಪ್ಟೆಂಬರಿನಲ್ಲಿ ತೂತುಕುಡಿಯಿಂದ ಕೂಡಂಕುಳಂ ಸ್ಥಾವರಕ್ಕೆ ಎರಡು ಸ್ಟೀಮ್ ಜನರೇಟರುಗಳನ್ನು ಹೊತ್ತು ಹೊರಟ ಬಾರ್ಜು, ಎಳೆಯುತ್ತಿದ್ದ ಹಗ್ಗ ಕಡಿದು, ಸ್ಥಾವರದ ಹತ್ತಿರವೇ ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ನಮ್ಮ ಕೈಗಾದ ಪ್ರಶ್ನೆ ಇನ್ನೂ ಬೇರೆ. ಅದು ಕಡಲ ದಂಡೆಯಲ್ಲಿಲ್ಲ, ಕಾಳಿ ನದಿಯ ಕಣಿವೆಯಲ್ಲಿ, ಕಾಡಿನ ನಡುವೆ ಇದೆ. ಈಗಿರುವ 220 ಮೆಗಾವಾಟಿನ ನಾಲ್ಕು ಘಟಕಗಳ ಜೊತೆಗೆ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳು ಬರಲಿವೆ. ಅವುಗಳ ಯಂತ್ರಭಾಗಗಳು ಹಿಂದಿನವಕ್ಕಿಂತ ದೊಡ್ಡವು, ಘಟ್ಟದ ತಿರುವುಗಳು ಹಳೆಯವೇ. 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದ ಮೇಲೆ, ಗೋವಾ ಕಡೆಯಿಂದ ಬರುವ ಸಂಚಾರವೆಲ್ಲ ಪಕ್ಕದ ಹೊಸ ಸೇತುವೆಯೊಂದನ್ನೇ ನೆಚ್ಚಿಕೊಳ್ಳಬೇಕಾಯಿತು. ಅದಕ್ಕೆ ಮೂರು ವಾರ ಹಿಂದೆ, ಜುಲೈ 16ರಂದು, ಅದೇ ಹೆದ್ದಾರಿ 66ರಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಕುಸಿದಿತ್ತು. ಹಿಂಕ್ಲಿಯವರು ನಾಲ್ಕು ಮೈಲಿಯ ರಸ್ತೆಗೆ ಇಳಿಸಿದ ಸಮಸ್ಯೆಯನ್ನು ಕೈಗಾದವರು ಸೇತುವೆ ಸೇತುವೆಗೂ ನಿಂತು ಬಿಡಿಸಬೇಕಾಗಿದೆ.

ಸರಕಿನ ಮಾತು ಇಷ್ಟಾದರೆ, ಜನರ ಮಾತು ಅಷ್ಟು ಹೊಳಪಿನದಲ್ಲ. ಯೋಜನೆಯ ಮೂಲತತ್ವ ಚೆನ್ನಾಗಿಯೇ ಇದೆ. ಕಾರ್ಮಿಕರು ತಮ್ಮ ಕಾರಿನಲ್ಲಿ ಸ್ಥಾವರದವರೆಗೆ ಹೋಗುವಂತಿಲ್ಲ, ಒಳಗೆ ಪಾರ್ಕಿಂಗ್ ತೀರಾ ಸೀಮಿತ. ಹೆದ್ದಾರಿಯ ಎರಡೂ ಜಂಕ್ಷನ್ನುಗಳ ಬಳಿ, ಕ್ಯಾನಿಂಗ್ಟನ್ನಿನಲ್ಲಿ ಮತ್ತು ಪಶ್ಚಿಮದ ವಿಲಿಟನ್ನಿನಲ್ಲಿ ಪಾರ್ಕ್ ಅಂಡ್ ರೈಡ್ ಜಾಗಗಳಿವೆ. ಅಲ್ಲಿ ಕಾರು ಬಿಟ್ಟು ಬಸ್ಸು ಹತ್ತಬೇಕು. ಇದಲ್ಲದೆ ಆವರಣದ ಬಳಿ 510 ಮತ್ತು ಬ್ರಿಡ್ಜ್‌ವಾಟರಿನಲ್ಲಿ 986 ಹಾಸಿಗೆಗಳ ಎರಡು ವಸತಿ ಸಮುಚ್ಚಯಗಳನ್ನು ಕಟ್ಟಿ, ದಿನದ ಓಡಾಟವನ್ನೇ ಕಡಿಮೆ ಮಾಡಲು ನೋಡಿದ್ದಾರೆ. ನಸುಕಿನಲ್ಲಿ ಎ39ರಲ್ಲಿ ನಿಂತರೆ ಇದರ ಫಲ ಕಣ್ಣಿಗೆ ಕಾಣುತ್ತದೆ: ಒಳದೀಪ ಆರಿಸಿದ ಬಸ್ಸುಗಳ ಸಾಲು, ಕಿಟಕಿಗೆ ಹೆಲ್ಮೆಟ್ ಒರಗಿಸಿ ನಿದ್ದೆ ಹೋದ ಮುಖಗಳು. ಅಷ್ಟು ಬಸ್ಸುಗಳ ಬದಲು ಅಷ್ಟೂ ಜನರ ಕಾರುಗಳಿದ್ದಿದ್ದರೆ ನಾವು ಯಾರೂ ಆ ಹೊತ್ತಿಗೆ ಮನೆಯಿಂದ ಹೊರಬೀಳುವ ಹಾಗಿರಲಿಲ್ಲ.

ಎಡವಿದ್ದು ಅಂದಾಜಿನಲ್ಲಿ. ಅನುಮತಿ ಪಡೆಯುವಾಗ ಏಕಕಾಲಕ್ಕೆ ಹೆಚ್ಚೆಂದರೆ 5,600 ಕಾರ್ಮಿಕರು ಇರುತ್ತಾರೆಂದು ಲೆಕ್ಕ ಹಾಕಲಾಗಿತ್ತು. ಈಗ ಆ ಸಂಖ್ಯೆ 10,000 ಮೀರಿದೆ. ಲಾರಿಗೆ ಹಾಕಿದಂತೆ ಮನುಷ್ಯರ ಖಾಸಗಿ ಕಾರಿಗೆ ಯಾರೂ ದಿನದ ಮಿತಿ ಹಾಕಲಾರರು. ಪಾರ್ಕ್ ಅಂಡ್ ರೈಡ್‌ವರೆಗೆ ಹೋಗಿ ಬಸ್ಸು ಹಿಡಿಯುವುದಕ್ಕಿಂತ ಬಸ್ಸು ನಿಲ್ಲುವ ತಾಣದ ಹತ್ತಿರದ ವಸತಿ ಬೀದಿಯಲ್ಲೇ ಕಾರು ಬಿಟ್ಟುಹೋಗುವುದು ಸುಲಭವೆಂದು ಕೆಲವರು ಕಂಡುಕೊಂಡರು. ಇಲ್ಲಿನವರು ಅದಕ್ಕೆ 'ಫ್ಲೈ ಪಾರ್ಕಿಂಗ್' ಎನ್ನುತ್ತಾರೆ. ದೂರು ಕೊಡಲು ವ್ಯವಸ್ಥೆಯಿದೆ, ಸಿಕ್ಕಿಬಿದ್ದ ಕಾರ್ಮಿಕರ ಮೇಲೆ ಕ್ರಮವೂ ಇದೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ನಿಯಮದಂತೆ ನಿಲ್ಲಿಸಿದ ಕಾರು ಕಾನೂನಿನ ಮುಂದೆ ಬರೀ ಕಾರು. ಅದರ ಒಡೆಯ ಎಲ್ಲಿ ಕೆಲಸಕ್ಕೆ ಹೋಗಿದ್ದಾನೆಂದು ಗಾಜಿನೊಳಗಿಂದ ಕಾಣುವ ಹಳದಿ ಜಾಕೆಟ್ಟಿನಿಂದ ಊಹಿಸಬಹುದು, ಸಾಬೀತು ಮಾಡುವುದು ಕಷ್ಟ.

ವಿಳಂಬವನ್ನೂ ಸಾರಿಗೆಯ ಕಣ್ಣಿನಿಂದ ನೋಡಬೇಕು. 2016ರಲ್ಲಿ ಮೊದಲ ಘಟಕ 2025ಕ್ಕೆ ಸಿದ್ಧವಾಗುತ್ತದೆಂದು ಹೇಳಲಾಗಿತ್ತು. 2024ರ ಜನವರಿಯಲ್ಲಿ ಅದು 2029 ಮತ್ತು 2031ರ ನಡುವೆ ಎಂದಾಯಿತು. ಹಣದ ಲೆಕ್ಕದವರು ಇದನ್ನು ಬಡ್ಡಿಯಲ್ಲಿ ಅಳೆಯುತ್ತಾರೆ. ಷರತ್ತಿನಲ್ಲಿ ದಿನದ ಓಡಾಟಕ್ಕೆ ಮಿತಿಯಿದೆಯೇ ಹೊರತು, ಇಂಥ ದಿನಗಳು ಎಷ್ಟು ವರ್ಷ ಮುಂದುವರಿಯಬಹುದು ಎಂಬುದಕ್ಕೆ ಮಿತಿಯಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಶುರುವಾದ ಲಾರಿಗಳ ಸಾಲು, ಆ ಮಗು ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕುವ ವಯಸ್ಸಿಗೆ ಬಂದರೂ ಮುಗಿದಿರುವುದಿಲ್ಲ.

ಇದೇ ಬಗೆಯ ಎರಡು ರಿಯಾಕ್ಟರುಗಳನ್ನು ಸಫೋಕ್ ಕರಾವಳಿಯ ಸೈಜ್‌ವೆಲ್‌ನಲ್ಲಿ ಕಟ್ಟುವವರು ರೈಲನ್ನೂ ಸೇರಿಸಿಕೊಂಡಿದ್ದಾರೆ, ಅಲ್ಲಿ ಲೈಸ್ಟನ್‌ವರೆಗೆ ಹಳಿಯಿರುವುದು ಅನುಕೂಲವಾಯಿತು. ಎ12 ರಸ್ತೆಯಲ್ಲಿ ಎರಡು ಹಳ್ಳಿಗಳನ್ನು ಬಳಸಿ ಹೋಗುವ ಬೈಪಾಸು, ಸ್ಥಾವರಕ್ಕೆಂದೇ ಪ್ರತ್ಯೇಕ ರಸ್ತೆ, ಎರಡು ಪಾರ್ಕ್ ಅಂಡ್ ರೈಡ್‌ಗಳು ಯೋಜನೆಯಲ್ಲಿವೆ. ಕಾಗದದ ಮೇಲೆ ಅದು ಹಿಂಕ್ಲಿಗಿಂತ ಮೇಲು. ಅದರ ವಿಮರ್ಶೆಯನ್ನು ಅಲ್ಲಿನ ನಿವಾಸಿಗಳೇ ಮುಂದೆ ಬರೆಯಲಿ.

ನನ್ನ ದೊಡ್ಡ ತಕರಾರು ಲಾರಿಗಳ ಬಗ್ಗೆಯೂ ಅಲ್ಲ, ಕಾರುಗಳ ಬಗ್ಗೆಯೂ ಅಲ್ಲ, ಆ ಬಸ್ಸುಗಳ ಬಗ್ಗೆ. ಸಾಮರ್‌ಸೆಟ್ಟಿನ ಹಳ್ಳಿಗಳಲ್ಲಿ ಸಾರ್ವಜನಿಕ ಬಸ್ಸು ಅಪರೂಪದ ಅತಿಥಿ. ಕಾರು ಓಡಿಸದ ವೃದ್ಧರು ಪಟ್ಟಣದ ವೈದ್ಯರ ಬಳಿಗೆ ಹೋಗಬೇಕಾದರೆ ನೆರೆಯವರನ್ನು ಕೇಳಿಕೊಳ್ಳಬೇಕು. ಅದೇ ರಸ್ತೆಯಲ್ಲಿ ಕಾರ್ಮಿಕರನ್ನು ಇಳಿಸಿದ ಬಸ್ಸುಗಳು ಖಾಲಿ ಸೀಟುಗಳೊಂದಿಗೆ ಪಟ್ಟಣಕ್ಕೆ ಮರಳುತ್ತವೆ. ಊರವರು ಅವುಗಳನ್ನು ಹತ್ತುವಂತಿಲ್ಲ. ಸ್ಥಾವರಕ್ಕೆ ಹೋಗುವ ಬಸ್ಸಿಗೆ ಭದ್ರತೆಯ ಕಾರಣ ಒಪ್ಪೋಣ, ಸ್ಥಾವರದಿಂದ ಹಿಂದಿರುಗುವ ಖಾಲಿ ಬಸ್ಸು ಕ್ಯಾನಿಂಗ್ಟನ್ನಿನಲ್ಲಿ ಒಂದು ನಿಮಿಷ ನಿಲ್ಲುವುದಕ್ಕೆ ಅಡ್ಡಿಯೇನೆಂದು ನನಗೆ ಅರ್ಥವಾಗಿಲ್ಲ. ಕಾಮಗಾರಿ ಮುಗಿದ ಮೇಲೆ ಬೈಪಾಸು ಉಳಿಯುತ್ತದೆ, ಪಾರ್ಕ್ ಅಂಡ್ ರೈಡ್‌ಗಳೂ ಬಸ್ಸುಗಳೂ ತಾತ್ಕಾಲಿಕವಾದ್ದರಿಂದ ಹೋಗುತ್ತವೆ. ಇಷ್ಟು ವರ್ಷ ಲಾರಿಗಳಿಗೆ ದಾರಿ ಬಿಟ್ಟವರಿಗೆ ದಿನಕ್ಕೆ ನಾಲ್ಕು ಬಸ್ಸನ್ನಾದರೂ ಬಿಟ್ಟುಹೋಗುವ ಏರ್ಪಾಟು ಮಾಡಿದ್ದರೆ ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೆ. ಸದ್ಯಕ್ಕೆ ಮೂರೂವರೆ.